ಪರಿಚಯದ ವಿಡಿಯೊ: ಗುರುವಾರ ರಾತ್ರಿಯೊಳಗೆ ಕಳಿಸಿ

ಎಲ್ಲರಿಗೂ ನಮಸ್ಕಾರ.

ಭಾನುವಾರ ಶಿವಮೊಗ್ಗದಲ್ಲಿ ನಮ್ಮ ಬ್ಯಾಚಿನವರು ಸೇರುವಾಗ ಎಲ್ಲರ ಪರಿಚಯದ ವಿಡಿಯೊ ದೊಡ್ಡ ಪರದೆಯಲ್ಲಿ ಹಾಕುತ್ತೇವೆ. ಬರಲಾಗದವರೂ ಕಳಿಸಬೇಕು. ಒಂದು ನಿಮಿಷ ಸಾಕು.

ಮೊಬೈಲ್ ಅಡ್ಡ ಹಿಡಿದು ತೆಗೆಯಿರಿ. ಮಳೆ ಜೋರಿದೆ, ತಗಡಿನ ಮಾಡಿನ ಕೆಳಗೆ ನಿಂತರೆ ಮಾತೇ ಕೇಳುವುದಿಲ್ಲ. ಒಳಗೆ ಕಿಟಕಿಗೆ ಮುಖ ಮಾಡಿ ಕೂತುಕೊಳ್ಳಿ.

ಎಡಿಟಿಂಗ್ ಅಂದರೆ ಹೆದರಬೇಡಿ. ಗ್ಯಾಲರಿಯಲ್ಲೇ ಟ್ರಿಮ್ ಇರುತ್ತದೆ. ಶುರುವಿನ 'ಆನ್ ಆಯ್ತಾ?', ಕೊನೆಯಲ್ಲಿ ಕೈ ಚಾಚಿ ಆಫ್ ಮಾಡುವುದು, ಇವೆರಡನ್ನು ಕತ್ತರಿಸಿದರೆ ಅರ್ಧ ಕೆಲಸ ಮುಗಿಯಿತು. ಹಳೆಯ ಫೋಟೊ, ತೋಟದ ದೃಶ್ಯ ಸೇರಿಸುವವರು ಇನ್‌ಶಾಟ್ ಎಂಬ ಎಡಿಟಿಂಗ್ ಆ್ಯಪ್ ಬಳಸಬಹುದು. ನೀವು ಮಾತಾಡುತ್ತಿರುವಾಗಲೇ ಅವು ಬಂದು ಹೋಗಲಿ. ಹಾಡು ಹಾಕಲೇಬೇಕಿದ್ದರೆ ಸಣ್ಣಗೆ ಇಡಿ. ಹೂವು ಉದುರುವ ಎಫೆಕ್ಟ್ ಮಾತ್ರ ಬೇಡ, ಮದುವೆ ಕ್ಯಾಸೆಟ್ ಅಲ್ವಲ್ಲ!

ವಿಡಿಯೊ ಗುಂಪಿಗೆ ಹಾಕಬೇಡಿ. ನನ್ನ ನಂಬರಿಗೆ ವಾಟ್ಸಾಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಿ. ಸುಮ್ನೆ ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗಿ, ಪರದೆಯಲ್ಲಿ ಮಸುಕಾಗುತ್ತದೆ. ಹೊಸನಗರ, ಆಗುಂಬೆ ಕಡೆ ನೆಟ್‌ವರ್ಕ್ ಸಿಗದವರು ಪೇಟೆಗೆ ಬಂದಾಗ ಕಳಿಸಿದರೂ ಆಯ್ತು, ಮೊದಲೇ ಒಂದು ಮಾತು ತಿಳಿಸಿ.

ಕಳಿಸುವವರು ಇಲ್ಲಿ 'ಸರಿ' ಅಂತ ಹಾಕಿ. ಎಡಿಟಿಂಗ್ ಬರದವರು ತೆಗೆದದ್ದನ್ನು ಹಾಗೇ ಕಳಿಸಿ, ನಾವೇ ಕತ್ತರಿಸುತ್ತೇವೆ.