ಅಂಗವಿಕಲ ಮಾಜಿ ಸೈನಿಕರ ಅಹವಾಲು ಕಲಬುರಗಿಯಲ್ಲೇ ವಿಚಾರಣೆಯಾಗಲಿ

ಮಾನ್ಯ ಸಂಪಾದಕರೇ,

ಸೇನೆಯಿಂದ ನಿವೃತ್ತರಾಗಿ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಊರುಗಳಿಗೆ ಮರಳಿದವರ ಪಿಂಚಣಿಯ ಮಾತು ಬಂದಾಗಲೆಲ್ಲ ಚರ್ಚೆ ‘ಸಮಾನ ಶ್ರೇಣಿ, ಸಮಾನ ಪಿಂಚಣಿ’ಯ ಸುತ್ತಲೇ ನಡೆಯುತ್ತದೆ. 2014ರ ಜುಲೈ 1ರಿಂದ ಅನ್ವಯವಾದ, ಐದು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುವ ಆ ವ್ಯವಸ್ಥೆಯಿಂದ ನನ್ನಂಥ ಅನೇಕರಿಗೆ ಅನುಕೂಲವಾಗಿದೆ, ನಿಜ. ಆದರೆ ಸೇವೆಯಲ್ಲಿರುವಾಗಲೇ ಕಾಲು, ಕಿವಿ, ಬೆನ್ನು ಕಳೆದುಕೊಂಡು ಬಂದವರ ಅಂಗವೈಕಲ್ಯ ಪಿಂಚಣಿಯ ಬಗ್ಗೆ ನಮ್ಮ ಭಾಗದಲ್ಲಿ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಸೈನಿಕನೊಬ್ಬ ಬಿಡುಗಡೆ ಹೊಂದುವಾಗ ಸೇನಾ ವೈದ್ಯಕೀಯ ಮಂಡಳಿಯು ಅವನ ವೈಕಲ್ಯ ಶೇಕಡಾ ಎಷ್ಟು, ಅದು ಸೇವೆಯಿಂದ ಉಂಟಾದದ್ದೇ ಅಥವಾ ಸೇವೆಯಿಂದ ಉಲ್ಬಣಗೊಂಡದ್ದೇ ಎಂಬುದನ್ನು ಬರೆಯುತ್ತದೆ. ಸಾಮಾನ್ಯವಾಗಿ ವೈಕಲ್ಯ ಶೇ 20ಕ್ಕಿಂತ ಕಡಿಮೆ ಇರಬಾರದು ಮತ್ತು ಅದಕ್ಕೆ ಸೇವೆಯ ಸಂಬಂಧವಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಪಿಂಚಣಿಯ ವೈಕಲ್ಯದ ಪಾಲು ಕೈತಪ್ಪುತ್ತದೆ. ಸೇಡಂ ತಾಲ್ಲೂಕಿನ ನನ್ನ ಸ್ನೇಹಿತರೊಬ್ಬರು ತೋಪಖಾನೆಯಲ್ಲಿದ್ದು ಬಂದವರು. ಈಗ ಮನೆಯವರು ಎದುರಿಗೆ ನಿಂತು, ತುಟಿ ಕಾಣುವಂತೆ ಮಾತನಾಡಿದರೆ ಮಾತ್ರ ಅವರಿಗೆ ಅರ್ಥವಾಗುತ್ತದೆ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಅವರ ಕಾಗದದಲ್ಲಿ ಇರುವುದು ಟೈಪು ಮಾಡಿದ ಒಂದೇ ಸಾಲು: ಸೇವೆಯಿಂದ ಉಂಟಾದದ್ದೂ ಅಲ್ಲ, ಉಲ್ಬಣಗೊಂಡದ್ದೂ ಅಲ್ಲ. ಸೇರುವಾಗಿನ ತಪಾಸಣೆಯಲ್ಲಿ ಕಿವಿಗಳು ಸರಿಯಾಗಿದ್ದವೆಂದೇ ಅವರನ್ನು ತೋಪಿನ ಪಕ್ಕ ನಿಲ್ಲಿಸಿದ್ದು. ಹಾಗಿರುವಾಗ ಕಾರಣ ಕೊಡದೆ ಈ ಸಾಲನ್ನು ಹೇಗೆ ಬರೆದರು? ಅದರ ವಿರುದ್ಧ ಮೇಲ್ಮನವಿ ಸಲ್ಲಿಸಬಹುದೆಂದು ಅವರಿಗೆ ಯಾರೂ ತಿಳಿಸಿ ಹೇಳಲಿಲ್ಲ. ಕಾಗದ ಇಂಗ್ಲಿಷಿನಲ್ಲಿತ್ತು, ಟ್ರಂಕಿನಲ್ಲಿ ಪಿಪಿಒ (ಪಿಂಚಣಿ ಪಾವತಿ ಆದೇಶ) ಜೊತೆ ಉಳಿದುಬಿಟ್ಟಿತು.

ಈ ವಿಷಯದಲ್ಲಿ ಕಾನೂನು ಅಸ್ಪಷ್ಟವಾಗಿಲ್ಲ ಎಂಬುದೇ ಹೆಚ್ಚು ನೋವಿನ ಸಂಗತಿ. ಸೇನೆಗೆ ಸೇರುವಾಗ ದಾಖಲೆಯಲ್ಲಿ ಇಲ್ಲದ ಕಾಯಿಲೆ ನಂತರ ಕಾಣಿಸಿಕೊಂಡರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ಸಾಬೀತುಪಡಿಸುವ ಹೊಣೆ ಸರ್ಕಾರದ್ದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ವೈದ್ಯಕೀಯ ಮಂಡಳಿಯು ತನ್ನ ಅಭಿಪ್ರಾಯಕ್ಕೆ ಕಾರಣಗಳನ್ನು ದಾಖಲಿಸಲೇಬೇಕೆಂದು 2025ರಲ್ಲಿ ಮತ್ತೆ ಹೇಳಿದೆ. ಸುಳ್ಳು ಕಾಯಿಲೆ ತೋರಿಸಿ ಪಿಂಚಣಿ ಪಡೆಯುವವರೂ ಇದ್ದಾರೆಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಅಂಥವರನ್ನು ತಡೆಯಬೇಕೆಂಬುದು ಪ್ರಾಮಾಣಿಕವಾಗಿ ದುಡಿದ ಸೈನಿಕರ ಒತ್ತಾಯವೂ ಹೌದು. ಆದರೆ ಅದಕ್ಕೆ ಉಪಾಯ ಪ್ರತಿ ಪ್ರಕರಣಕ್ಕೂ ಕಾರಣ ಬರೆಯುವುದೇ ಹೊರತು, ಎಲ್ಲರಿಗೂ ಒಂದೇ ಸಾಲನ್ನು ಟೈಪು ಮಾಡುವುದಲ್ಲ.

ಮೊತ್ತದ ಲೆಕ್ಕವನ್ನೂ ಓದುಗರು ತಿಳಿಯಬೇಕು. ಪೂರ್ಣ ವೈಕಲ್ಯಕ್ಕೆ ಕೊನೆಯ ವೇತನದ ಶೇ 30ರಷ್ಟು ವೈಕಲ್ಯದ ಪಾಲು ದೊರೆಯುತ್ತದೆ, ಕಡಿಮೆ ವೈಕಲ್ಯಕ್ಕೆ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಜೊತೆಗೆ, ಶೇ 50ಕ್ಕಿಂತ ಕಡಿಮೆ ಇರುವ ವೈಕಲ್ಯವನ್ನು ಶೇ 50 ಎಂದೇ ಲೆಕ್ಕ ಹಿಡಿಯುವ ‘ಬ್ರಾಡ್ ಬ್ಯಾಂಡಿಂಗ್’ ನಿಯಮವಿದೆ. ಕೊನೆಯ ವೇತನ 40,000 ರೂಪಾಯಿ ಇದ್ದು, ಶೇ 30 ವೈಕಲ್ಯವಿದ್ದವರಿಗೆ ಈ ನಿಯಮವಿಲ್ಲದೆ ತಿಂಗಳಿಗೆ 3,600 ರೂಪಾಯಿ, ನಿಯಮದಂತೆ 6,000 ರೂಪಾಯಿ, ಮೇಲೆ ತುಟ್ಟಿಭತ್ಯೆ. ವೈಕಲ್ಯದ ಕಾರಣ ಅವಧಿಗೆ ಮೊದಲೇ ಸೇವೆಯಿಂದ ಬಿಡುಗಡೆಯಾದವರಿಗೆ ಮಾತ್ರ ಸಿಗುತ್ತಿದ್ದ ಈ ಸೌಲಭ್ಯ ಅವಧಿ ಮುಗಿಸಿ ನಿವೃತ್ತರಾದವರಿಗೂ ಸಲ್ಲಬೇಕೆಂದು 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಮೇಲೂ ಹಳೆಯ ನಿವೃತ್ತರು ಒಬ್ಬೊಬ್ಬರಾಗಿ ದಾವೆ ಹೂಡಬೇಕಾಯಿತು. ಒಮ್ಮೆ ತೀರ್ಮಾನವಾದ ವಿಷಯಕ್ಕೆ ವಯಸ್ಸಾದ ಹವಾಲ್ದಾರರನ್ನು ಮತ್ತೆ ಮತ್ತೆ ಕಟಕಟೆ ಹತ್ತಿಸುವುದು ಸರ್ಕಾರಕ್ಕೆ ಶೋಭೆ ತರುವುದಿಲ್ಲ.

ಇನ್ನು ದಾವೆ ಹೂಡಬೇಕಾದ ಜಾಗ. ಮೇಲ್ಮನವಿಗಳು ತಿರಸ್ಕೃತವಾದ ಮೇಲೆ ಉಳಿಯುವ ದಾರಿ 2007ರ ಕಾಯ್ದೆಯಡಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರಿದೆ. ಔರಾದಿನವರಿಗೋ ಸುರಪುರದವರಿಗೋ ಕೊಚ್ಚಿ ಎಂದರೆ ಸಾವಿರ ಕಿಲೋಮೀಟರಿನಾಚೆಯ ಊರು. ವಕೀಲರ ಶುಲ್ಕ, ರೈಲು ಚಾರ್ಜು, ವಸತಿಯ ಖರ್ಚು ಕೂಡಿಸಿದರೆ ವರ್ಷದ ಪಿಂಚಣಿಯ ದೊಡ್ಡ ಪಾಲೇ ಹೋಗುತ್ತದೆ, ಊರುಗೋಲು ಹಿಡಿದು ನಡೆಯುವವರ ಪಾಡಂತೂ ಬೇರೆ. ಬೆಂಗಳೂರೇ ದೂರವಾಯಿತೆಂದು ನಮ್ಮ ಹಿರಿಯರು, ವಕೀಲರು ವರ್ಷಗಟ್ಟಲೆ ಹೋರಾಡಿದ್ದರಿಂದ ಹೈಕೋರ್ಟಿನ ಸಂಚಾರಿ ಪೀಠ 2008ರಲ್ಲಿ ಕಲಬುರಗಿಗೆ ಬಂತು, 2013ರಲ್ಲಿ ಕಾಯಂ ಆಯಿತು. ಅದೇ ನ್ಯಾಯ ಸೈನಿಕರಿಗೇಕೆ ಅನ್ವಯಿಸಬಾರದು? ಕೇಂದ್ರ ಸರ್ಕಾರ ಅಧಿಸೂಚಿಸಿದ ಬೇರೆ ಸ್ಥಳಗಳಲ್ಲೂ ನ್ಯಾಯಮಂಡಳಿ ಕಲಾಪ ನಡೆಸಲು ಕಾಯ್ದೆಯಲ್ಲೇ ಅವಕಾಶವಿದೆ. ಕೊಚ್ಚಿ ಪೀಠವು ವರ್ಷಕ್ಕೆ ಕೆಲವು ದಿನವಾದರೂ ಕಲಬುರಗಿಯಲ್ಲಿ ಕುಳಿತು ಮೂರೂ ಜಿಲ್ಲೆಗಳ ಅರ್ಜಿಗಳನ್ನು ಆಲಿಸುವಂತೆ ನಮ್ಮ ಸಂಸದರು ರಕ್ಷಣಾ ಸಚಿವಾಲಯದ ಮೇಲೆ ಒತ್ತಡ ತರಬೇಕು.

ಅಲ್ಲಿಯವರೆಗೆ ಕಾಯದೆ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ತಾಲ್ಲೂಕು ಕೇಂದ್ರಗಳಲ್ಲಿ ಶಿಬಿರ ನಡೆಸಿ, ಕಾಗದಗಳನ್ನು ಓದಿ ಕನ್ನಡದಲ್ಲಿ ತಿಳಿಸಬಲ್ಲ ಒಬ್ಬ ವಕೀಲರನ್ನು ಕೂರಿಸಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ಕೈಜೋಡಿಸಿದರೆ ಇದಕ್ಕೆ ದೊಡ್ಡ ವೆಚ್ಚವೇನೂ ಬೇಕಿಲ್ಲ. ವೈದ್ಯಕೀಯ ಮಂಡಳಿಯ ವರದಿ ಕಳೆದುಹೋಗಿದ್ದರೆ ತಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಪ್ರತಿ ಕೇಳಬಹುದೆಂಬುದನ್ನು ಈ ಪತ್ರ ಓದುವ ಮಾಜಿ ಸೈನಿಕರು ಮತ್ತು ಅವರ ಪತ್ನಿಯರು ದಯವಿಟ್ಟು ಗಮನಿಸಬೇಕು.

— ಒಬ್ಬ ಮಾಜಿ ಸೈನಿಕ, ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ