ರಾತ್ರಿ ತಣ್ಣಗಾಗದ ಊರಿನಲ್ಲಿ ದಪ್ಪ ಮೆಣಸಿನಕಾಯಿ

ಸುಬಾಂಗ್ ಜಯ, ಮಲೇಷ್ಯಾ
ಜುಲೈ 21

ಪ್ರೀತಿಯ ಅಮ್ಮ, ಅಪ್ಪ,

ನಿನ್ನೆ ಸಂಜೆ ಏಳು ದಪ್ಪ ಮೆಣಸಿನಕಾಯಿ ಕಿತ್ತೆ. ಮಾಲೂರಿನಲ್ಲಿ ಅಣ್ಣ ಒಂದೊಂದು ಕೊಯ್ಲಿಗೂ ಕ್ರೇಟುಗಟ್ಟಲೆ ತುಂಬಿಸುತ್ತಾನೆ, ಗೊತ್ತು. ಆದರೂ ಈ ಏಳು ಕಾಯಿಗಳನ್ನು ಅಡುಗೆಮನೆ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಎಷ್ಟೋ ಹೊತ್ತು ನೋಡುತ್ತಾ ನಿಂತಿದ್ದೆ. ಎರಡು ವರ್ಷ ಆಯಿತಲ್ಲ ಅಮ್ಮ, ನಾನು ಬೀಜ ಹಾಕಲು ಶುರು ಮಾಡಿ. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಪೂರ್ತಿ ಬರೆಯೋಣ ಅಂತ ಕೂತಿದ್ದೇನೆ. ಅಪ್ಪನಿಗೆ ಓದಿ ಹೇಳು.

ಮೊದಲ ಸಲ ಹಿತ್ತಲಿನ ನೆಲದಲ್ಲೇ ನೆಟ್ಟಿದ್ದೆ. ಈ ಮನೆಯಲ್ಲಿ ಮುಂಚೆ ಇದ್ದವರು ಅಲ್ಲಿ ಬದನೆ ಬೆಳೆಯುತ್ತಿದ್ದರಂತೆ. ಅದನ್ನು ಕೇಳಿದಾಗಲೇ ನನಗೆ ಹೊಳೆಯಬೇಕಿತ್ತು. ಮೊಣಕಾಲೆತ್ತರ ಬಂದ ಗಿಡ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಬಾಡಿತು. ಎಲೆ ಹಸಿರಾಗೇ ಇದೆ, ಮಣ್ಣು ತೇವ ಇದೆ, ಗಿಡ ಮಾತ್ರ ಜೋತು ಬಿದ್ದಿದೆ. ಅಪ್ಪ ಟೊಮೇಟೊಗೆ ಮಾಡುತ್ತಿದ್ದ ಪರೀಕ್ಷೆ ನೆನಪಾಯಿತು. ಬುಡದ ಹತ್ತಿರ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟೆ. ಸ್ವಲ್ಪ ಹೊತ್ತಿಗೆ ಹಾಲಿನಂಥ ಎಳೆಯೊಂದು ಕಾಂಡದಿಂದ ನೀರಿಗೆ ಇಳಿಯಿತು. ಅದೇ ಸೊರಗು ರೋಗ. ಬದನೆ, ಟೊಮೇಟೊ, ಆಲೂಗಡ್ಡೆ, ಮೆಣಸಿನಕಾಯಿ ಯಾವುದನ್ನೂ ಬಿಡುವುದಿಲ್ಲ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಇಲ್ಲಿನ ಬಿಸಿ ಮತ್ತು ತೇವದಲ್ಲಿ ಇನ್ನೂ ಜಾಸ್ತಿ. ಆರು ಗಿಡವನ್ನೂ ಕಿತ್ತು ಕಸಕ್ಕೆ ಹಾಕಿದೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಆಮೇಲೆ ನೆಲದ ಸಹವಾಸ ಬಿಟ್ಟು ಕುಂಡಕ್ಕೆ ಬಂದೆ. ಪಕ್ಕದ ಮನೆಯ ಮಲಾಯ್ ಹೆಂಗಸನ್ನು ನಾನು ಮಕ್ಚಿಕ್ ಅಂತ ಕರೆಯುತ್ತೇನೆ. ನಾವು ಅತ್ತೆ, ಚಿಕ್ಕಮ್ಮ ಅನ್ನುತ್ತೇವಲ್ಲ, ಹಾಗೆ. ಅವರು ಸುಟ್ಟ ಭತ್ತದ ಹೊಟ್ಟು ಒಂದು ಚೀಲ ಕೊಟ್ಟರು. ಇಲ್ಲಿ ಅದಕ್ಕೆ ಸೆಕಾಮ್ ಬಕಾರ್ ಅನ್ನುತ್ತಾರೆ. ಅದನ್ನೂ ತೆಂಗಿನ ನಾರಿನ ಪುಡಿಯನ್ನೂ ಕಾಂಪೋಸ್ಟ್ ಜೊತೆ ಕಲಸಿ ಹನ್ನೆರಡು ಲೀಟರ್ ಹಿಡಿಯುವ ಕುಂಡಗಳಿಗೆ ತುಂಬಿದೆ. ಎಷ್ಟು ಜೋರು ಮಳೆ ಬಂದರೂ ನೀರು ನಿಲ್ಲುವುದಿಲ್ಲ. ಗಿಡ ಸೊಂಪಾಗಿ ಬಂತು, ಹೂವೂ ಬಿಟ್ಟಿತು.

ಆದರೆ ಕಾಯಿ ಕಚ್ಚಲಿಲ್ಲ. ದಿನಾ ಬೆಳಿಗ್ಗೆ ಕುಂಡದ ಸುತ್ತ ಬಿಳೀ ಹೂ ಬಿದ್ದಿರುತ್ತಿತ್ತು. ತೊಟ್ಟು ಹಳದಿಯಾಗುವುದು, ಮುಟ್ಟಿದರೆ ಸಾಕು ಕೈಗೆ ಬರುವುದು. ನೀರು ಕಡಿಮೆ ಮಾಡಿದೆ, ಜಾಸ್ತಿ ಮಾಡಿದೆ. ಗೊಬ್ಬರ ಜಾಸ್ತಿ ಹಾಕಿದ್ದಕ್ಕೆ ಎಲೆ ಕಡುಹಸಿರಾಗಿ ಅಗಲವಾಯಿತು, ಅಷ್ಟೇ. ಅದೇ ಹೊತ್ತಿಗೆ ಬೇಲಿಯಾಚೆ ಮಕ್ಚಿಕ್ ಅವರ ಚಿಲಿ ಪಾಡಿ, ಅಂದರೆ ನಮ್ಮ ಸೂಜಿ ಮೆಣಸಿನಂಥ ಚಿಕ್ಕ ಖಾರದ ಕಾಯಿ, ಗಿಡದ ತುಂಬಾ ತೂಗುತ್ತಿತ್ತು.

ಆಗ ನೀನು ಫೋನಿನಲ್ಲಿ ಸುಮ್ನೆ ಕೇಳಿದ ಒಂದು ಮಾತು ದಾರಿ ತೋರಿಸಿತು ಅಮ್ಮ. "ಅಲ್ಲಿ ರಾತ್ರಿ ಹೊದ್ದುಕೊಳ್ಳಲು ಏನು ತಗೊಳ್ತೀಯ?" ಅಂದೆ. ಏನೂ ಇಲ್ಲ, ವರ್ಷಪೂರ್ತಿ ಫ್ಯಾನು ಅಂತ ನಾನಂದೆ. ಹೇಳಿದ ಮೇಲೆ ನನಗೇ ತಟ್ಟಿತು. ಮಾಲೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಗಲು ಎಷ್ಟು ಕಾದರೂ ರಾತ್ರಿ ಗಾಳಿ ತಂಪಾಗುತ್ತದೆ. ಇಲ್ಲಿ ಹಾಗಿಲ್ಲ. ಹಿತ್ತಲಲ್ಲಿ ಥರ್ಮಾಮೀಟರ್ ತೂಗುಹಾಕಿ ಒಂದು ವಾರ ನೋಡಿದೆ. ಬೆಳಗಿನ ಜಾವ ಐದಕ್ಕೂ 26 ಡಿಗ್ರಿ! ದಪ್ಪ ಮೆಣಸಿನಕಾಯಿ ಚೆನ್ನಾಗಿ ಕಚ್ಚಲು ರಾತ್ರಿ 16ರಿಂದ 20 ಡಿಗ್ರಿ ಸಾಕು. 24 ದಾಟಿದರೆ ಹೂ ಉದುರಲು ಶುರುವಾಗುತ್ತದೆ. ಹಗಲು 32 ದಾಟಿದರೆ ಪರಾಗವೂ ಕೆಡುತ್ತದೆ. ಹಗಲೆಲ್ಲಾ ಎಲೆ ಮಾಡಿಟ್ಟ ಸಕ್ಕರೆಯನ್ನು ಗಿಡ ಆ ಬಿಸಿ ರಾತ್ರಿಯಲ್ಲಿ ಬರೀ ಉಸಿರಾಡಿಯೇ ಖರ್ಚು ಮಾಡಿಬಿಡುತ್ತದೆ. ಹೂವಿಗೆ ಏನು ಉಳಿಯಬೇಕು ಹೇಳು?

ಈ ದೇಶದಲ್ಲಿ ಇದನ್ನು ಎಲ್ಲಿ ಬೆಳೆಯುತ್ತಾರೆ ಅಂತ ನೋಡಲು ಒಂದು ರಜೆಯಲ್ಲಿ ಕ್ಯಾಮರೂನ್ ಹೈಲ್ಯಾಂಡ್ಸ್‌ಗೆ ಹೋಗಿ ಬಂದೆವು. ಕ್ವಾಲಾಲಂಪುರದಿಂದ ಸುಮಾರು 200 ಕಿಲೋಮೀಟರ್. ತಾಪಾ ದಾಟಿದ ಮೇಲೆ ಬರೀ ತಿರುವು, ನಮ್ಮ ಚಾರ್ಮಾಡಿ ಘಾಟಿಯ ಹಾಗೆ. ಸುಮಾರು 1,500 ಮೀಟರ್ ಎತ್ತರದ ಬ್ರಿಂಚಾಂಗ್‌ನಲ್ಲಿ ಇಳಿದಾಗ ಸ್ವೆಟರ್ ಬೇಕಾಯಿತು. ಗುಡ್ಡದ ಇಳಿಜಾರಿನ ತುಂಬಾ ಪ್ಲಾಸ್ಟಿಕ್ ಚಾವಣಿ, ಅದರಡಿ ತರಕಾರಿ. ಮಾರುಕಟ್ಟೆಯಲ್ಲಿ ಕೆಂಪು, ಹಳದಿ ಕಾಯಿ ಗುಡ್ಡೆ ಹಾಕಿದ್ದರು. ನನ್ನ ಕೈಯಲ್ಲಿ ಏನೂ ತಪ್ಪಿಲ್ಲ, ರಾತ್ರಿ ಬೇರೆ ಅಷ್ಟೇ ಅಂತ ಅಲ್ಲಿ ನಿಂತಾಗ ಮನಸ್ಸಿಗೆ ನೆಮ್ಮದಿಯಾಯಿತು.

ಅಂದಹಾಗೆ, ಮಲಾಯ್ ಭಾಷೆಯಲ್ಲಿ ಕ್ಯಾಪ್ಸಿಕಂಗೆ ಲಾಡಾ ಬೆಂಗಾಲಾ ಅನ್ನುತ್ತಾರೆ. ಲಾಡಾ ಅಂದರೆ ಮೆಣಸು. ಕಾಳುಮೆಣಸಿನ ಹೆಸರನ್ನೇ ನಾವೂ ಈ ಕಾಯಿಗೆ ಕೊಟ್ಟಿದ್ದೇವೆ, ಅವರೂ ಕೊಟ್ಟಿದ್ದಾರೆ. ಗಿಡ ಅಮೆರಿಕ ಖಂಡದಿಂದ ಬಂದದ್ದು, ಇಬ್ಬರಿಗೂ ಹೊಸದು. ಅಪ್ಪನಿಗೆ ಇದು ಇಷ್ಟವಾಗುತ್ತದೆ ಅಂತ ಬರೆದೆ.

ಬೆಟ್ಟವನ್ನು ಹಿತ್ತಲಿಗೆ ತರಲು ಆಗುವುದಿಲ್ಲ. ಆದರೆ ಒಂದೆರಡು ಡಿಗ್ರಿ ಇಳಿಸಬಹುದು. ನನ್ನ ಕುಂಡಗಳು ಪಶ್ಚಿಮದ ಸಿಮೆಂಟ್ ಗೋಡೆಗೆ ಅಂಟಿಕೊಂಡಿದ್ದವು. ರಾತ್ರಿ ಹತ್ತಕ್ಕೆ ಆ ಗೋಡೆ ಮುಟ್ಟಿ ನೋಡಿದೆ, ಇನ್ನೂ ಬೆಚ್ಚಗಿತ್ತು. ಹಗಲಿನ ಬಿಸಿಲನ್ನೆಲ್ಲಾ ರಾತ್ರಿ ಗಿಡದ ಮೇಲೆ ಸುರಿಯುತ್ತಿತ್ತು ಅಂತಾಯಿತು. ಕುಂಡಗಳನ್ನು ಆಚೆ ಬದಿಯ ಹುಲ್ಲಿನ ಮೇಲೆ, ಬಾಳೆಗಿಡದ ಹತ್ತಿರ ಇಟ್ಟೆ. ಅಲ್ಲಿ ಬೆಳಗಿನ ಬಿಸಿಲು ಮಾತ್ರ ಬೀಳುತ್ತದೆ, ಗಾಳಿಯೂ ಆಡುತ್ತದೆ. ಥರ್ಮಾಮೀಟರ್ ಎರಡು ಡಿಗ್ರಿ ಕಡಿಮೆ ತೋರಿಸಿತು. ಮಧ್ಯಾಹ್ನಕ್ಕೆ ನೆರಳು ಪರದೆ ಕಟ್ಟಿದೆ. ಮಳೆಗೆ ಪಾರದರ್ಶಕ ಪ್ಲಾಸ್ಟಿಕ್ ಹಾಕಿ ನಾಲ್ಕೂ ಬದಿ ತೆರೆದು ಬಿಟ್ಟೆ.

ತಳಿಯನ್ನೂ ಬದಲಾಯಿಸಿದೆ. ಅಂಗಡಿಯಲ್ಲಿ ಕಾಣುವ ನಾಲ್ಕು ಮೂಲೆಯ ದೊಡ್ಡ ಕಾಯಿಯ ಆಸೆ ಬಿಟ್ಟು, ಉದ್ದನೆಯ ಚಿಕ್ಕ ಸಿಹಿ ಮೆಣಸಿನ ಬೀಜ ತಂದೆ. ಕಾಯಿ ಚಿಕ್ಕದಾದಷ್ಟೂ ಗಿಡ ಬಿಸಿ ತಡೆಯುತ್ತದೆ, ಇದನ್ನು ನಾನು ಕಣ್ಣಾರೆ ಕಂಡೆ. ಮೊದಲ ಕವಲಿನ ಹೂವನ್ನು ಅಣ್ಣ ಚಿವುಟುತ್ತಾನಲ್ಲ, ನಾನೂ ಚಿವುಟಿದೆ. ಬೆಳಿಗ್ಗೆ ಕೊಂಬೆಯನ್ನು ಮೆಲ್ಲಗೆ ಅಲುಗಿಸುತ್ತೇನೆ, ಪರಾಗ ಉದುರಲಿ ಅಂತ. ಈ ಸಲವೂ ಅರ್ಧ ಹೂ ಬಿತ್ತು. ಇನ್ನರ್ಧ ನಿಂತಿತು.

ಎಲೆ ಮುದುರುವ ಮುಟುರು ರೋಗ ಬಂದಿತ್ತು. ಎಲೆ ಮೇಲಕ್ಕೆ ಮುದುರಿದರೆ ಥ್ರಿಪ್ಸ್ ಅನ್ನುವ ಚಿಕ್ಕ ಕೀಟ, ಕೆಳಕ್ಕೆ ಮುದುರಿದರೆ ನುಸಿ ಅಂತ ಅಪ್ಪ ಹೇಳಿದ್ದು ಚೆನ್ನಾಗಿ ನೆನಪಿತ್ತು. ಕೆಳಕ್ಕೆ ಮುದುರಿತ್ತು. ಲೀಟರಿಗೆ ಐದು ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪು ಹಾಕಿ ಸಂಜೆ ಹೊತ್ತು ಎಲೆಯ ಅಡಿಗೆ ಹೊಡೆದೆ. ಎರಡು ಕಾಯಿಯ ತುದಿ ಕಂದಾಗಿ ಚರ್ಮದಂತಾಯಿತು. ಒಂದು ದಿನ ಒಣಗಿಸಿ ಮರುದಿನ ತೋಯಿಸಿದ್ದರ ಫಲ. ನೀರು ಒಂದೇ ಸಮ ಸಿಗದಿದ್ದರೆ ಸುಣ್ಣದ ಅಂಶ ಕಾಯಿಯ ತುದಿಗೆ ತಲುಪುವುದಿಲ್ಲ. ಈಗ ದಿನಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ಹಾಕುತ್ತೇನೆ.

ಅಣ್ಣನಿಗೆ ಹೇಳು, ಬೀಜ ಕಳಿಸುವುದು ಬೇಡ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ದಪ್ಪ ಮೆಣಸಿನಕಾಯಿ ತಳಿ ಅರ್ಕಾ ಗೌರವ್ ಸೊರಗು ರೋಗವನ್ನು ತಕ್ಕಮಟ್ಟಿಗೆ ತಡೆಯುತ್ತದೆ ನಿಜ, ನನಗೂ ಆಸೆಯಿದೆ. ಆದರೆ ಇಲ್ಲಿಗೆ ಬೀಜ ತರಲು ಪರ್ಮಿಟ್ ಬೇಕು. ಪಾರ್ಸೆಲಿನಲ್ಲಿ ಚಟ್ನಿಪುಡಿ ಜೊತೆ ಸೇರಿಸಿಬಿಟ್ಟಾನು.

ಏಳರಲ್ಲಿ ಎರಡನ್ನು ಮಕ್ಚಿಕ್‌ಗೆ ಕೊಟ್ಟೆ. ಉಳಿದದ್ದಕ್ಕೆ ನಿನ್ನ ಹಾಗೆ ಕಡಲೆಹಿಟ್ಟು ಉದುರಿಸಿ ಪಲ್ಯ ಮಾಡಿದೆ. ಸಿಪ್ಪೆ ಸ್ವಲ್ಪ ತೆಳು, ಘಮ ಮಾತ್ರ ನಮ್ಮ ತೋಟದ್ದೇ. ಎಂಟನೆಯದನ್ನು ಕೀಳದೆ ಗಿಡದಲ್ಲೇ ಬಿಟ್ಟಿದ್ದೇನೆ. ಹಸಿರು ಕಾಯಿ ಕೆಂಪಾಗಲು ಇನ್ನೂ ಎರಡು ಮೂರು ವಾರ ಬೇಕು. ಇವತ್ತು ಬೆಳಿಗ್ಗೆ ನೋಡಿದೆ, ಒಂದು ಬದಿಯಲ್ಲಿ ಕಂದು ಗೆರೆ ಮೂಡಿದೆ. ಅದು ಬಣ್ಣವಾ, ಬಿಸಿಲಿನ ಸುಡುವಿಕೆಯಾ, ಅಪ್ಪ ನೋಡಿ ಹೇಳಲಿ. ನಾಳೆ ಫೋಟೋ ಕಳಿಸುತ್ತೇನೆ.

ನಿಮ್ಮ,
ಪುಟ್ಟಿ