ಬೆನಿನ್ ಶಿಲ್ಪಗಳನ್ನು ಎರವಲು ಕೊಡುವುದು ಬೇಡ, ವಾಪಸ್ ಕೊಡಿ

ಸಂಪಾದಕರಿಗೆ,

1897ರಲ್ಲಿ ಬ್ರಿಟಿಷ್ ಸೈನ್ಯ ಆಫ್ರಿಕಾದ ಬೆನಿನ್ ಅರಮನೆಯಿಂದ ಲೂಟಿ ಮಾಡಿದ ಲೋಹದ ಶಿಲ್ಪಗಳ ವಿಷಯ ಬಂದಾಗಲೆಲ್ಲ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಿಂದ ಒಂದೇ ಉತ್ತರ ಬರುತ್ತದೆ: ‘ವಾಪಸ್ ಕೊಡಲು ಕಾನೂನು ಬಿಡುವುದಿಲ್ಲ, ಬೇಕಾದರೆ ಎರವಲು ಕೊಡುತ್ತೇವೆ’. ಈ ಮಾತನ್ನು ಒಪ್ಪಲು ನನಗೆ ಆಗುವುದಿಲ್ಲ. ಕದ್ದ ಕೊಡವನ್ನು ಅದರ ಮನೆಯವರಿಗೇ ಎರವಲು ಕೊಟ್ಟ ಹಾಗಾಯಿತು ಇದು.

ಈ ಬೆನಿನ್ ಈಗಿನ ಬೆನಿನ್ ದೇಶವಲ್ಲ. ನೈಜೀರಿಯಾದ ದಕ್ಷಿಣದಲ್ಲಿದ್ದ, ಎಡೊ ಜನರ ಹಳೆಯ ರಾಜ್ಯ. ಅಲ್ಲಿನ ದೊರೆಯನ್ನು ಒಬಾ ಎನ್ನುತ್ತಾರೆ. 1896ರ ಕೊನೆಯಲ್ಲಿ ಜೇಮ್ಸ್ ಫಿಲಿಪ್ಸ್ ಎಂಬ ಬ್ರಿಟಿಷ್ ಅಧಿಕಾರಿ ಒಬಾನನ್ನು ಪಟ್ಟದಿಂದ ಇಳಿಸಲು ಲಂಡನ್ನಿನ ಅನುಮತಿ ಕೇಳಿದ. ಅರಮನೆಯಲ್ಲಿ ಸಿಗುವ ಆನೆದಂತದಿಂದಲೇ ಖರ್ಚು ಹುಟ್ಟಬಹುದು ಎಂದೂ ಬರೆದ. ಹಬ್ಬದ ಆಚರಣೆ ನಡೆಯುತ್ತಿದೆ, ಈಗ ಬರಬೇಡಿ ಎಂದು ಒಬಾ ಹೇಳಿ ಕಳಿಸಿದರೂ ಫಿಲಿಪ್ಸ್ 1897ರ ಜನವರಿಯಲ್ಲಿ ಬೆನಿನ್ ಕಡೆ ಹೊರಟ. ದಾರಿಯಲ್ಲಿ ದಾಳಿಯಾಗಿ ಅವನೂ ಜೊತೆಗಿದ್ದ ಬಹುಪಾಲು ಜನರೂ ಸತ್ತರು. ಮರುತಿಂಗಳೇ ಬ್ರಿಟಿಷ್ ಸೈನ್ಯ ನುಗ್ಗಿತು. ಅರಮನೆ ಲೂಟಿಯಾಯಿತು, ಊರು ಸುಟ್ಟುಹೋಯಿತು. ಒಬಾ ಒವೊನ್‌ರಾಮ್‌ವೆನ್ ಅವರನ್ನು ಕಲಬಾರಿಗೆ ಗಡೀಪಾರು ಮಾಡಿದರು. 1914ರಲ್ಲಿ ಅಲ್ಲೇ ತೀರಿಕೊಂಡರು. ದಂಡಯಾತ್ರೆಯ ಖರ್ಚಿಗೆಂದು ಲೂಟಿಯ ಮಾಲನ್ನು ಮಾರಿದರು. ಹಾಗಾಗಿಯೇ ಅವು ಲಂಡನ್, ಬರ್ಲಿನ್, ವಿಯೆನ್ನಾ ಅಂತ ಚದುರಿಹೋದದ್ದು.

‘ಕಂಚು’ ಎಂದು ಕರೆದರೂ ಇವುಗಳಲ್ಲಿ ಹೆಚ್ಚಿನವು ಹಿತ್ತಾಳೆಯವು. ಮೇಣದಲ್ಲಿ ರೂಪ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಜಾಗಕ್ಕೆ ಕರಗಿದ ಲೋಹ ಹೊಯ್ಯುತ್ತಾರೆ. ನಮ್ಮ ದೇವಸ್ಥಾನಗಳ ಉತ್ಸವಮೂರ್ತಿಗಳನ್ನು ಎರಕ ಹೊಯ್ಯುವುದೂ ಹೀಗೆಯೇ. ಒಬಾಗಳ ತಲೆಯ ಶಿಲ್ಪಗಳು ತೀರಿಹೋದ ದೊರೆಗಳ ಪೂಜೆಯ ಪೀಠದ ಮೇಲಿದ್ದವು. ಫಲಕಗಳು ಅರಮನೆಯ ಕಂಬಗಳ ಮೇಲಿದ್ದವು. ಯುದ್ಧ, ದರ್ಬಾರು, ಪೋರ್ಚುಗೀಸ್ ವ್ಯಾಪಾರಿಗಳು, ಎಲ್ಲ ಅವುಗಳಲ್ಲಿವೆ. ಆ ರಾಜ್ಯದ ರಾಜಧಾನಿಯಾಗಿದ್ದ ಬೆನಿನ್ ಸಿಟಿಯ ಇಗುನ್ ಬೀದಿಯಲ್ಲಿ ಎರಕದವರು ಇವತ್ತೂ ಕೆಲಸ ಮಾಡುತ್ತಿದ್ದಾರೆ. ಅವರ ಹಿರಿಯರು ಮಾಡಿದ್ದರಲ್ಲಿ ಹೆಚ್ಚಿನದನ್ನು ನೋಡಬೇಕೆಂದರೆ ಅವರು ವೀಸಾ ಕೇಳಬೇಕು. ನನಗೆ ಜಾಸ್ತಿ ನೋವು ಕೊಡುವುದು ಇದೇ.

ಬ್ರಿಟಿಷ್ ಮ್ಯೂಸಿಯಂನಲ್ಲಿ ಬೆನಿನ್ನಿನ ಸುಮಾರು 900 ವಸ್ತುಗಳಿವೆ. ಹೆಚ್ಚಿನವು ಗೋದಾಮಿನಲ್ಲೇ ಇವೆ. ಸಂಗ್ರಹದ ವಸ್ತುಗಳನ್ನು ಬಿಟ್ಟುಕೊಡದಂತೆ ತಡೆಯುವ 1963ರ ಬ್ರಿಟಿಷ್ ಮ್ಯೂಸಿಯಂ ಕಾಯ್ದೆ ಅಡ್ಡ ಬರುತ್ತದೆ ಎನ್ನುತ್ತಾರೆ. ಆ ಕಾಯ್ದೆ ಮಾಡಿದ್ದು ಅವರದೇ ಪಾರ್ಲಿಮೆಂಟ್, ತಿದ್ದಬಹುದಾದದ್ದೂ ಅದೇ ಅಲ್ವಾ? ಅದಕ್ಕೂ ಮೊದಲು, 1950ರ ದಶಕದಲ್ಲಿ, ಇದೇ ಮ್ಯೂಸಿಯಂ ಕೆಲವು ಫಲಕಗಳನ್ನು ನೈಜೀರಿಯಾಕ್ಕೆ ದುಡ್ಡಿಗೆ ಮಾರಿತ್ತು. ‘ಅಲ್ಲಿ ಭದ್ರವಾಗಿರುವುದಿಲ್ಲ’ ಎಂಬ ಇನ್ನೊಂದು ವಾದವನ್ನು 2023ರ ನಂತರ ಹೇಳಲು ಅವರಿಗೆ ಬಾಯಿಯೇ ಇರಬಾರದು. ಆ ವರ್ಷ ಅವರದೇ ಗೋದಾಮಿನಿಂದ ವಸ್ತುಗಳು ಕಳುವಾದದ್ದು ಬಯಲಾಗಿ ನಿರ್ದೇಶಕರು ರಾಜೀನಾಮೆ ಕೊಟ್ಟರು.

ಮನಸ್ಸಿದ್ದವರು ಕೊಟ್ಟಿದ್ದಾರೆ. 2021ರಲ್ಲಿ ಕೇಂಬ್ರಿಜ್‌ನ ಜೀಸಸ್ ಕಾಲೇಜು ಹಿತ್ತಾಳೆಯ ಹುಂಜವನ್ನು, ಅಬರ್ಡೀನ್ ವಿಶ್ವವಿದ್ಯಾಲಯ ಒಬಾನ ತಲೆಯನ್ನು ಕೊಟ್ಟವು. 2022ರಲ್ಲಿ ಲಂಡನ್ನಿನದೇ ಹಾರ್ನಿಮನ್ ಮ್ಯೂಸಿಯಂ 72 ವಸ್ತುಗಳ ಒಡೆತನ ಬಿಟ್ಟುಕೊಟ್ಟಿತು. ಅದೇ ವರ್ಷ ಜರ್ಮನಿ ಸಾವಿರಕ್ಕೂ ಹೆಚ್ಚು ವಸ್ತುಗಳ ಒಡೆತನ ವರ್ಗಾಯಿಸಲು ಒಪ್ಪಿತು. ಮೊದಲು ಒಡೆತನ, ಆಮೇಲೆ ಪ್ರದರ್ಶನಕ್ಕೆ ಬೇಕಾದಷ್ಟನ್ನು ನೈಜೀರಿಯಾದಿಂದ ಎರವಲು ಪಡೆಯುವುದು. ನನ್ನ ಪ್ರಕಾರ ಸರಿಯಾದ ಕ್ರಮ ಇದು. 2024ರಲ್ಲಿ ಘಾನಾದ ಅಸಾಂತೆ ಜನರ ಚಿನ್ನದ ಒಡವೆಗಳನ್ನು ಲಂಡನ್ನಿನ ಎರಡು ಮ್ಯೂಸಿಯಂಗಳು ಮೂರು ವರ್ಷಕ್ಕೆಂದು ಅವರದೇ ಊರು ಕುಮಾಸಿಗೆ ಎರವಲು ಕಳಿಸಿದವು. ಅದು ತಪ್ಪು ಕ್ರಮ.

ವಾಪಸ್ ಹೋದವು ಯಾರ ಬಳಿ ಇರಬೇಕು ಎಂಬ ಜಗಳ ನೈಜೀರಿಯಾದಲ್ಲಿ ಇದೆ, ನಿಜ. 2023ರಲ್ಲಿ ಅಲ್ಲಿನ ಅಧ್ಯಕ್ಷರು ಅವುಗಳ ಒಡೆತನ ಒಬಾ ಅವರದು ಎಂದು ಆದೇಶಿಸಿದಾಗ ಯೂರೋಪಿನಲ್ಲಿ ಕೆಲವರು ಹಿಂದೆ ಸರಿದರು. ಇದು ಆ ಮನೆಯವರು ಬಗೆಹರಿಸಿಕೊಳ್ಳಬೇಕಾದ ವಿಷಯ. ಒಯ್ದವರು ಅದನ್ನು ನೆಪ ಮಾಡಿಕೊಳ್ಳಬಾರದು.

1799ರಲ್ಲಿ ಶ್ರೀರಂಗಪಟ್ಟಣದಿಂದ ಹೋದ ಟಿಪ್ಪುವಿನ ಹುಲಿ ಈಗಲೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಹಾಗಾಗಿ ಬೆನಿನ್ ಜನರ ಬೇಡಿಕೆಯನ್ನು ನಾವು ದೂರದ ಸುದ್ದಿ ಎಂದು ಬಿಡಬಾರದು. ಲಂಡನ್ನಿನಲ್ಲಿರುವ ಕನ್ನಡಿಗರಲ್ಲಿ ಒಂದು ವಿನಂತಿ: ನಿಮ್ಮ ಕ್ಷೇತ್ರದ ಪಾರ್ಲಿಮೆಂಟ್ ಸದಸ್ಯರಿಗೆ ಪತ್ರ ಬರೆಯಿರಿ. 1963ರ ಕಾಯ್ದೆಗೆ ತಿದ್ದುಪಡಿ ತರುತ್ತೀರಾ ಎಂದು ನೇರವಾಗಿ ಕೇಳಿ.

ಇತಿ,
ಒಬ್ಬ ಓದುಗ, ಮೈಸೂರು